ಅಪ್ಪನ ಪಾಲಿನ ಮುದ್ದೆ

ಇಳಿಸಿದ ತೂಕ ಮತ್ತೆ ಏರಿಸಿಕೊಂಡು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ಇಳಿಸುವವರಿಗೆ ಬುದ್ಧಿ ಹೇಳುವವರು ಊರ ತುಂಬ ಇದ್ದಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನೂ ಹೇಳುತ್ತಾನೆ, ಅನ್ನ ಬಿಡಿ, ನಡೀರಿ, ಮೆಂತ್ಯ ನೆನೆಹಾಕಿ ಕುಡೀರಿ ಎಂದು. ಇಳಿಸಿ, ನಾಲ್ಕು ಜನರಿಂದ ಶಭಾಷ್ ಅನ್ನಿಸಿಕೊಂಡು, ಆಮೇಲೆ ಹೊಟ್ಟೆ ತನ್ನ ಹಳೆಯ ಜಾಗಕ್ಕೆ ಬಂದು ಕೂತಾಗ ಮಾತ್ರ ಯಾರೂ ಹತ್ತಿರ ಸುಳಿಯುವುದಿಲ್ಲ. ಆಗಿನ ನಾಚಿಕೆ ನನಗೆ ಚೆನ್ನಾಗಿ ಗೊತ್ತು. ಜೊತೆಗೆ ಇನ್ನೊಂದು ಭಯವೂ ಗೊತ್ತು, ಅದು ಎಲ್ಲರಿಗೂ ಇರಲಾರದು. ದಪ್ಪಗಿರುವುದಕ್ಕಿಂತ ಸಣ್ಣಗಾಗುವುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನಲ್ಲಿ, ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ. ಅಪ್ಪ ಬಂಗಾರಪೇಟೆ ಕಡೆಯ ಹಳ್ಳಿಯವನು, ರಾಗಿ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಗಣಿಗೆ ಇಳಿದವನು. ನಮ್ಮ ಲೈನಿನಲ್ಲಿ ಯಾರಾದರೂ ಸಣ್ಣಗಾದರೆ ಜನ ಹೊಗಳುತ್ತಿರಲಿಲ್ಲ, ದನಿ ತಗ್ಗಿಸುತ್ತಿದ್ದರು. ಕೆಳಗಿನ ಕಲ್ಲಿನ ಧೂಳು ಎದೆಯಲ್ಲಿ ಕೂತವರು ಮೊದಲು ಕೆನ್ನೆಯಲ್ಲಿ ಕರಗುತ್ತಿದ್ದರು. ಆಮೇಲೆ ಕುತ್ತಿಗೆ, ಆಮೇಲೆ ತೋಳು. ಕೊನೆಗೆ ಬಿಸಿಲಿಗೆ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು, ಬಾಯಿ ತೆರೆದು ಉಸಿರೆಳೆಯುತ್ತಾ ಹೋಗಿ ಬರುವವರನ್ನು ನೋಡುತ್ತಿದ್ದರು. ಶಾಲೆಗೆ ಹೋಗುವಾಗ ನಾವು ಹುಡುಗರು ಅವರ ಮುಂದೆ ಜೋರಾಗಿ ಓಡುತ್ತಿರಲಿಲ್ಲ. ಹಾಗೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

ಅಪ್ಪ ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಿತ್ತು. ಎರಡು ಮುದ್ದೆ ಉಂಡು ಮೂರನೆಯದಕ್ಕೆ ತಟ್ಟೆ ಒಡ್ಡುತ್ತಿದ್ದ. ಕಾಯಿಲೆ ಬಿದ್ದ ಮೇಲೆ ಒಂದು ತುತ್ತು ನುಂಗುವಷ್ಟರಲ್ಲಿ ಉಸಿರು ಸಾಲದೆ ಗೋಡೆಗೆ ಒರಗುತ್ತಿದ್ದ. ಅಮ್ಮ ಎದುರಿಗೆ ಕೂತು, "ಇನ್ನೊಂದ್ ತುತ್ತು, ಇನ್ನೊಂದೇ ತುತ್ತು" ಎಂದು ಗೋಗರೆಯುತ್ತಿದ್ದಳು. ಅಪ್ಪ ಕೈ ಅಡ್ಡ ಹಿಡಿದು "ಸಾಕು" ಅನ್ನುತ್ತಿದ್ದ. ಕೊನೆಕೊನೆಗೆ ಅವನು ಆಡುತ್ತಿದ್ದ ಮಾತೆಂದರೆ ಅದೊಂದೇ. ಎಪ್ಪತ್ತರ ದಶಕ ಶುರುವಾದ ಹೊಸತರಲ್ಲಿ, ಒಂದು ಬೆಳಗ್ಗೆ ಅಪ್ಪ ಹೋದ. ನಾನಾಗ ಹೈಸ್ಕೂಲಿನಲ್ಲಿದ್ದೆ. ಹಿಂದಿನ ಸಂಜೆ ನನ್ನನ್ನು ಪಕ್ಕದ ಮನೆಗೆ ಮಲಗಲು ಕಳಿಸಿದ್ದರು, ಹಾಗಾಗಿ ಕೊನೆಯ ಗಳಿಗೆಯಲ್ಲಿ ಏನಾಯಿತೆಂದು ನನಗೆ ತಿಳಿಯಲಿಲ್ಲ.

ಗಣಿಯ ಡಾಕ್ಟರು ಎದೆಯಲ್ಲಿ ಕೂತ ಧೂಳಿನ ಮಾತು ಹೇಳಿದರು. ಅಮ್ಮ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಉಣ್ಣಲಿಲ್ಲ, ಅದಕ್ಕೇ ಓಗ್ಬುಟ್ರು" ಎಂಬುದು ಅವಳ ತೀರ್ಮಾನ. ಹನ್ನೊಂದನೆಯ ದಿನ ಕಳೆದ ಮೇಲೆ ಗಣಿಯವರ ಮನೆ ಬಿಟ್ಟುಕೊಟ್ಟು ಆಂಡರ್ಸನ್‌ಪೇಟೆಯ ಬಾಡಿಗೆ ಮನೆಗೆ ಬಂದೆವು. ಅಲ್ಲಿ ಮೊದಲ ದಿನ ಒಲೆ ಹಚ್ಚಿ ಮುದ್ದೆ ಕಟ್ಟಿದಾಗ, ಮೊದಲ ಮುದ್ದೆಯನ್ನು ಅಮ್ಮ ಅಪ್ಪನ ನೀಲಿ ಅಂಚಿನ ಪಿಂಗಾಣಿ ತಟ್ಟೆಗೆ ಹಾಕಿ ಸಾರು ಬಿಟ್ಟು ಗೋಡೆಯ ಹತ್ತಿರ ಇಟ್ಟಳು. ಆಮೇಲೆ ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು.

"ನಿಮ್ಮಪ್ಪನ ಪಾಲು. ಮೊದ್ಲು ಇದನ್ನ ಉಣ್ಲಾ. ನೀನುಂಡ್ರೆ ಅವ್ರುಂಡಂಗೆ."

ಹಿರಿಯರಿಗೆ ಎಡೆ ಇಡುವುದು ನಮ್ಮವರಲ್ಲಿ ವರ್ಷಕ್ಕೊಮ್ಮೆ, ಪಿತೃಪಕ್ಷದ ಕೊನೆಗೆ ಬರುವ ಮಹಾಲಯ ಅಮಾವಾಸ್ಯೆಗೆ. ನಮ್ಮ ಮನೆಯಲ್ಲಿ ಮಾತ್ರ ಅದು ದಿನದ ಊಟವಾಯಿತು. ಅಪ್ಪನ ಪಾಲು ಮುಗಿಸಿದ ಮೇಲೆ ನನ್ನ ಪಾಲು. ಇನ್ನೊಂದು ಕಟ್ಟಳೆಯೂ ತಾನಾಗಿ ಬಂತು, ಆ ಮನೆಯಲ್ಲಿ ಊಟಕ್ಕೆ ಕೂತವರು "ಸಾಕು" ಅನ್ನುವ ಹಾಗಿರಲಿಲ್ಲ. ಬೇಡವಾದರೆ "ಆಯ್ತು" ಅನ್ನಬೇಕು. ಆಯ್ತು ಅಂದರೆ ಇನ್ನರ್ಧ ಬೀಳುತ್ತಿತ್ತು ಅನ್ನಿ.

ಸರೋಜಾ ನನ್ನ ಹೆಂಡತಿಯಾಗಿ ಬಂದ ಹೊಸತರಲ್ಲಿ ಇದು ಅವಳಿಗೆ ಗೊತ್ತಿರಲಿಲ್ಲ. ಸಾರು ಬಡಿಸುತ್ತಿದ್ದ ಅಮ್ಮನಿಗೆ, "ಸಾಕತ್ತೆ, ಸಾಕು" ಎಂದು ನಗುತ್ತಾ ಕೈ ಅಡ್ಡ ಹಿಡಿದಳು. ಅಮ್ಮನ ಸೌಟು ಅಲ್ಲೇ ನಿಂತಿತು. ಪಾತ್ರೆ ಕೆಳಗಿಟ್ಟು ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. "ನಾನೇನಂದೆ ರೀ?" ಎಂದು ಸರೋಜಾ ಗಾಬರಿಯಿಂದ ನನ್ನ ಮುಖ ನೋಡಿದಳು. ಹೇಳಿದೆ. ಅಂದಿನಿಂದ ಅವಳೂ ಆ ಮಾತನ್ನು ಆಡಲಿಲ್ಲ.

ಆಗೆಲ್ಲ ಗಣಿ ನಡೆಯುತ್ತಿತ್ತು. ಭೂಮಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಕೆ.ಜಿ.ಎಫ್.ನವರಿಗೆ ಅದು ಹೊಸದಲ್ಲ, ಮಾತು ನಿಲ್ಲಿಸಿ ಮತ್ತೆ ಮುಂದುವರಿಸುತ್ತಾರೆ. ಅಮ್ಮ ಮಾತ್ರ ನೀಲಿ ಅಂಚಿನ ತಟ್ಟೆಯ ಕಡೆ ತಿರುಗುತ್ತಿದ್ದಳು. "ಅವ್ರಿಗೆ ಅಸಿವಾಗೈತೆ" ಅನ್ನುತ್ತಿದ್ದಳು. ಅವತ್ತಿನ ಮುದ್ದೆ ಇನ್ನಷ್ಟು ದೊಡ್ಡದಿರುತ್ತಿತ್ತು.

ಹೀಗೆ ಉಂಡುಂಡು ನಾನು ಬೆಳೆದ ರೀತಿ ನೋಡಿ ಬೀದಿಯವರು ನಗುತ್ತಿದ್ದರು, ಅಮ್ಮ ಹಿಗ್ಗುತ್ತಿದ್ದಳು. ಲೈನಿನ ಕಡೆಯ ಹೆಂಗಸರು ಸಂತೆಯಲ್ಲಿ ಸಿಕ್ಕರೆ ನನ್ನ ತೋಳು ಹಿಡಿದು ಮುಂದೆ ನಿಲ್ಲಿಸುತ್ತಿದ್ದಳು. ಗಣಿ ತನ್ನ ಮನೆಯೊಳಗೆ ಇನ್ನೊಮ್ಮೆ ಕಾಲಿಟ್ಟಿಲ್ಲ ಎಂಬುದಕ್ಕೆ ನನ್ನ ಹೊಟ್ಟೆಯೇ ಅವಳಿಗೆ ಸಾಕ್ಷಿ.

ನನಗೆ ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿಯಲ್ಲಿ ಗುಮಾಸ್ತನ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಎಂಬತ್ತರ ದಶಕದ ಕೊನೆಗೆ, ನನಗಿನ್ನೂ ಮೂವತ್ತು ದಾಟಿದ ಹೊಸತು, ಮಂಡಿಯಲ್ಲಿ ಬಲಗಾಲಿನ ಕಿರುಬೆರಳಿಗೆ ಹಳೆಯ ಮೊಳೆಯೊಂದು ಗೀರಿತು. ನೋವೇ ಆಗಲಿಲ್ಲ, ಹಾಗಾಗಿ ಬಿಟ್ಟೆ. ನೋವಾಗದೆ ಇದ್ದದ್ದೇ ಕಾಯಿಲೆ ಎಂದು ಆಗ ಯಾರಿಗೆ ಗೊತ್ತಿತ್ತು? ಗಾಯದಿಂದ ವಾಸನೆ ಬರತೊಡಗಿದಾಗ ಸರೋಜಾ ನನ್ನನ್ನು ಬಂಗಾರಪೇಟೆಯ ವಯಸ್ಸಾದ ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಅಲ್ಲಿ ಕಾಯಲು ಒಂದು ಉದ್ದನೆಯ ಬೆಂಚು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕಾಲನ್ನು ಚೀಲದ ಮೇಲೆ ಚಾಚಿಕೊಂಡಿದ್ದರು. ಪಾದದ ಮುಂಭಾಗ ಇರಲಿಲ್ಲ, ಅಲ್ಲಿ ಬ್ಯಾಂಡೇಜು ಮಾತ್ರ ಇತ್ತು. ಯಾವ ಊರು ಎಂದು ಕೇಳುವಷ್ಟೇ ಸಲೀಸಾಗಿ, "ನಿಮ್ದು ಯಾವ ಬೆರಳು?" ಎಂದು ಕೇಳಿದರು. ಎದ್ದು ಹೊರಟುಬಿಡೋಣ ಅನ್ನಿಸಿತು. ಸರೋಜಾ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದಳು.

ಡಾಕ್ಟರು ಗಾಯ ನೋಡಿದರು, ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ. "ಮಾತ್ರೆ ನಾನು ಕೊಡ್ತೀನಪ್ಪ. ಆದ್ರೆ ಈ ಮೈ ಹೊತ್ಕೊಂಡು ಓಡಾಡ್ತಿದ್ರೆ ಕಾಲು ಉಳಿಯೋದು ಕಷ್ಟ. ತೂಕ ಇಳಿಸ್ಲೇಬೇಕು. ಊಟಕ್ಕೆ ಎಷ್ಟು ಮುದ್ದೆ?"

"ನಂದು ಎರಡು."

"ನಿಂದು ಅಂದ್ರೆ?"

ಸರೋಜಾ ತಲೆ ತಗ್ಗಿಸಿಕೊಂಡೇ, "ಅವರಪ್ಪಂದು ಒಂದು ಬೇರೆ ಇರ್ತೈತೆ ಅಮ್ಮಾ" ಅಂದಳು.

"ಅವ್ರೆಲ್ಲಿದಾರೆ?"

"ಇಲ್ಲ. ಓಗಿ ಬೋ ವರ್ಸ ಆಯ್ತು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ಮನೇಲಿ ಮಾತಾಡು" ಎಂದಷ್ಟೇ ಹೇಳಿದರು.

ಮಾತಾಡಿದೆ. ಅಮ್ಮ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗಾಯ ನೋಡಿ ಕಣ್ಣೀರು ಹಾಕಿದಳು. ಡಾಕ್ಟರು ಹೇಳಿದ್ದಕ್ಕೆಲ್ಲ ಆಯ್ತು ಆಯ್ತು ಅಂದಳು. ಕೊನೆಗೆ, "ನಿಂದು ಎಷ್ಟಾದ್ರೂ ಕಡ್ಮೆ ಮಾಡ್ಕಾ ಮಗ. ಅವ್ರದು ಮಾತ್ರ ಮುಟ್ಬ್ಯಾಡ" ಅಂದಳು. ಅಂದರೆ ನನ್ನ ಎರಡು ಮುದ್ದೆ ನಿಂತವು, ಅಪ್ಪನ ಪಾಲು ಉಳಿಯಿತು. ಒಂದೇ ಮುದ್ದೆಯಾಯಿತಲ್ಲ ಎಂದು ನಾನು ಖುಷಿಪಟ್ಟೆ. ಆದರೆ ಆ ಒಂದು ಮುದ್ದೆ ವಾರದಿಂದ ವಾರಕ್ಕೆ ಬೆಳೆಯುತ್ತಾ ಬಂತು. ಅಮ್ಮ ಅದನ್ನು ಬೇಕೆಂದು ಮಾಡುತ್ತಿದ್ದಳೋ, ಅವಳ ಕೈ ತಾನಾಗಿ ಹಾಗೆ ಕಟ್ಟುತ್ತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಆಚೆ ಹೋದಾಗ ಸರೋಜಾ ಅದರಲ್ಲಿ ಅರ್ಧ ಮುರಿದು ಪಕ್ಕದ ಮನೆಯ ಹಸುವಿಗೆ ಹಾಕಿ ಬರುತ್ತಿದ್ದಳು.

ಬೆಳಗ್ಗೆ ನಡೆಯುತ್ತಿದ್ದೆ. ಮಂಡಿಯಲ್ಲಿ ಮೂಟೆ ನಿಲ್ಲಿಸಿ ತೂಗುವ ಕಬ್ಬಿಣದ ತಕ್ಕಡಿಯ ಮೇಲೆ ವಾರಕ್ಕೊಮ್ಮೆ ನಿಲ್ಲುತ್ತಿದ್ದೆ. ಹಮಾಲಿ ಚೌಡಪ್ಪ ತೂಕದ ಬೊಟ್ಟು ಸರಿಸಿ ನೋಡಿ, "ಗುಮಾಸ್ತ್ರೇ, ಮೂಟೆ ತೂತು ಬಿದ್ದೈತೆ, ಮಾಲು ಸೋರ್ತಾ ಐತೆ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ಮಂಡಿಗೆ ಮಂಡಿಯೇ ನಗುತ್ತಿತ್ತು. ನನಗೂ ಹೆಮ್ಮೆ. ಪ್ಯಾಂಟು ಸಡಿಲವಾಯಿತು, ಸಕ್ಕರೆ ಇಳಿಯಿತು, ಗಾಯ ಒಣಗಿ ಮುಚ್ಚಿತು. ಡಾಕ್ಟರು ಬೆನ್ನು ತಟ್ಟಿದರು. ಇಲ್ಲಿಗೆ ಈ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಒಂದು ಬೆಳಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಮುಖದ ಸೋಪು ತೊಳೆದು ತಲೆಯೆತ್ತಿದರೆ ಕನ್ನಡಿಯಲ್ಲಿ ಅಪ್ಪ ಇದ್ದ. ಕೆನ್ನೆಯ ಮೂಳೆ, ಕಣ್ಣಿನ ಕೆಳಗಿನ ಗುಳಿ, ಕುತ್ತಿಗೆಯ ಎರಡು ನರ. ಇಷ್ಟು ವರ್ಷ ಕೊಬ್ಬಿನ ಅಡಿಯಲ್ಲಿ ನನಗೇ ಗೊತ್ತಿಲ್ಲದೆ ಆ ಮುಖವನ್ನು ಇಟ್ಟುಕೊಂಡಿದ್ದೆ. ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿದೆ. ಹಿಂದೆ ತಿರುಗಿದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅವಳೂ ನೋಡಿದ್ದಳು. ಹಾಗೇ ಒಳಗೆ ಹೋದಳು.

ಅದೇ ವಾರ ನಡೆಯುತ್ತಾ ಚಾಂಪಿಯನ್ ರೀಫ್ಸ್‌ನ ನಮ್ಮ ಹಳೆಯ ಲೈನಿನ ಕಡೆ ಹೋದೆ. ಜಗಲಿಯ ಮೇಲೆ ಮುನುಸಾಮಿ ಮಾಮ ಕೂತಿದ್ದರು. ಅಪ್ಪನ ಜೊತೆ ಒಂದೇ ಪಾಳಿಯಲ್ಲಿ ಕೆಳಗೆ ಇಳಿಯುತ್ತಿದ್ದವರು, ತಮಿಳರು, ನನ್ನನ್ನು ಎತ್ತಿ ಆಡಿಸಿದವರು. ಅವರ ಎದೆಯಲ್ಲೂ ಧೂಳಿತ್ತು, ಆದರೂ ಹೇಗೋ ಉಳಿದಿದ್ದರು. ನನ್ನನ್ನು ನೋಡಿದವರೇ ಗೋಡೆ ಹಿಡಿದು ಎದ್ದು ನಿಂತರು.

"ಅಯ್ಯೋ ತಂಬಿ, ನಿಂಗೂ ಬಂದ್ಬುಡ್ತಾ? ನೀನು ಕೆಳಗೆ ಇಳೀಲೇ ಇಲ್ವೇಡಾ!"

"ಅದಲ್ಲ ಮಾಮ, ನನಗೆ ಸಕ್ಕರೆ ಕಾಯಿಲೆ..." ಎಂದು ಶುರು ಮಾಡಿದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ಗಲ್ಲ ಹಿಡಿದು, "ಅಪ್ಪಾ ಮಾದಿರಿಯೇ, ಅಪ್ಪಾ ಮಾದಿರಿಯೇ" ಎಂದು, ಅಪ್ಪನ ಹಾಗೆಯೇ ಇದ್ದೀಯ ಎಂದು ಅಳತೊಡಗಿದರು. ಅಳು ಕೆಮ್ಮಾಯಿತು. ಆ ಕೆಮ್ಮು ನನಗೆ ಗೊತ್ತಿದ್ದ ಕೆಮ್ಮು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಉಸಿರನ್ನು ನಾನೇ ಕಿವಿಗೊಟ್ಟು ಕೇಳಿದೆ. ಮರುದಿನ ನನಗೂ ಸಣ್ಣಗೆ ಕೆಮ್ಮು ಶುರುವಾಯಿತು. ಬರಿಯ ನೆಗಡಿಯ ಕೆಮ್ಮು. ಆದರೂ ಒಳಮನೆಯಲ್ಲಿ ಕೆಮ್ಮಿದಾಗಲೆಲ್ಲ ಅಡುಗೆಮನೆಯಲ್ಲಿ ಅಮ್ಮನ ಕೈಯ ಸದ್ದು ನಿಲ್ಲುತ್ತಿತ್ತು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಆ ವರ್ಷ ಮಾಡಿದಷ್ಟು ಅಡುಗೆಯನ್ನು ಅಮ್ಮ ಯಾವ ವರ್ಷವೂ ಮಾಡಿರಲಿಲ್ಲ. ಕೋಳಿಸಾರು, ಮುದ್ದೆ, ವಡೆ, ಕಜ್ಜಾಯ, ಅನ್ನ, ಅಪ್ಪ ಸೇದುತ್ತಿದ್ದ ಬೀಡಿ. ಎಲ್ಲವನ್ನೂ ಎಲೆಯ ಮೇಲಿಟ್ಟು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವು ಹೊರಗೆ ಕೂತೆವು. ನಮ್ಮ ಪದ್ಧತಿಯೇ ಹಾಗೆ. ಬಾಗಿಲು ತೆರೆದ ಮೇಲೆ ಆ ಎಡೆ ಮಗನದು. ಸರೋಜಾ ಮೆಲ್ಲಗೆ, "ಒಂದೊಂದ್ ಚೂರು ಬಾಯಿಗಾಕ್ಕೊಂಡು ಮಿಕ್ಕಿದ್ದು ಕಾಗೆಗೆ ಇಟ್ರೆ ಆಗಲ್ವಾ ಅತ್ತೆ?" ಅಂದಳು.

"ಕಾಗೆಗೆ ಆಕಾಕೆ ನನ್ ಗಂಡ ಏನು ದಿಕ್ಕಿಲ್ದೋನಾ?" ಅಮ್ಮ ಕೂಗಾಡಲಿಲ್ಲ, ತುಂಬ ಮೆಲ್ಲಗೆ ಹೇಳಿದಳು. "ಇವ್ನ ಮುಖ ನೋಡೇ. ಅವ್ರೇ ಅಸ್ಕೊಂಡು ಬಂದು ಕುಂತವ್ರೆ."

ನಾನು ಉಂಡೆ. ಅಮ್ಮ ಬಲವಂತ ಮಾಡಿದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನೇ ಉಂಡೆ, ಯಾವತ್ತೂ ಇಲ್ಲದ ಹಸಿವಿನಿಂದ ಉಂಡೆ. ಕನ್ನಡಿಯಲ್ಲಿದ್ದ ಆ ಮುಖ ಮತ್ತೆ ಮುಚ್ಚಿಹೋಗಲಿ ಎಂದು ಉಂಡೆ. ಅವತ್ತಿಗೆ ನಿಂತಿದ್ದರೆ ಚಿಂತೆಯಿರಲಿಲ್ಲ, ಹಬ್ಬದ ಒಂದು ಊಟ ಯಾರನ್ನೂ ಕೊಲ್ಲುವುದಿಲ್ಲ. ಮರುದಿನ, ಅದರ ಮರುದಿನವೂ ಹಾಗೇ ಆಯಿತು. ಬೆಳಗಿನ ನಡಿಗೆ ಬಿಟ್ಟೆ. ಡಾಕ್ಟರ ಮನೆ ಇರುವ ಬೀದಿ ಬಿಟ್ಟು ಸುತ್ತಿಕೊಂಡು ಮಂಡಿಗೆ ಹೋದೆ. ಚೌಡಪ್ಪ, "ಗುಮಾಸ್ತ್ರೇ, ತಕ್ಕಡಿ ನಿಮ್ಮನ್ನ ಇಚಾರಿಸ್ತಾ ಐತೆ" ಅಂದಾಗ ಅವನ ಮೇಲೆ ಹರಿಹಾಯ್ದೆ. ಅವನು ಮತ್ತೆ ತಮಾಷೆ ಮಾಡಲಿಲ್ಲ. ನೋಡನೋಡುತ್ತಿದ್ದಂತೆ ಕೆನ್ನೆ ತುಂಬಿತು, ಅಪ್ಪ ಕನ್ನಡಿಯಿಂದ ಹೋದ. ಮನೆಯಲ್ಲಿ ಎಲ್ಲರೂ ಸಮಾಧಾನವಾಗಿ ಉಸಿರಾಡಿದೆವು, ಸರೋಜಾ ಒಬ್ಬಳನ್ನು ಬಿಟ್ಟು.

ಚಳಿಗಾಲ ಕಳೆಯುವಷ್ಟರಲ್ಲಿ ಅದೇ ಬೆರಳು ಕಪ್ಪಾಯಿತು.

ಡಾಕ್ಟರ ಮುಂದೆ ಮತ್ತೆ ಕೂತಾಗ ನನ್ನ ಕಣ್ಣು ನೆಲದ ಮೇಲಿತ್ತು. ಬೈಗುಳಕ್ಕೆ ಬೆನ್ನು ಒಡ್ಡಿಕೊಂಡು ಬಂದಿದ್ದೆ. ಅವರು ಕಾಲು ನೋಡಿದರು, ಕೋಲಾರದ ಆಸ್ಪತ್ರೆಗೆ ಚೀಟಿ ಬರೆದರು. ಆಮೇಲೆ, "ತಿರುಗಿ ಬಂದೆಯಲ್ಲ, ಸಾಕು" ಅಂದರು. ನಾನು ಬೆಚ್ಚಿಬಿದ್ದೆ. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು ಅದು. ಆ ಹೆಂಗಸಿನ ಬಾಯಿಂದ ಅದು ಅಷ್ಟು ಮೆತ್ತಗೆ ಬಂತಲ್ಲ ಎಂದು ನನಗೆ ಅಳು ಬಂತು. ಸಂಕೋಚವಿಲ್ಲದೆ ಅತ್ತೆ.

ಕೋಲಾರದಲ್ಲಿ ಬೆರಳು ತೆಗೆದರು. ಪಾದ ಉಳಿಯುವುದೋ ಇಲ್ಲವೋ ಇನ್ನು ನಿಮ್ಮ ಕೈಯಲ್ಲಿದೆ ಎಂದು ಅಲ್ಲಿಯ ಡಾಕ್ಟರೂ ಹೇಳಿದರು. ಮರುದಿನ ಮಧ್ಯಾಹ್ನ ಅಮ್ಮ ನನ್ನ ಮಂಚದ ಪಕ್ಕದಲ್ಲಿ ಕೂತಿದ್ದಳು. ಕಾಲಿನ ಬ್ಯಾಂಡೇಜನ್ನು ನೋಡುತ್ತಿರಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದಳು. ನನಗೆ ಗಂಟಲು ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು. ನೀರು ಮಜ್ಜಿಗೆ ಕುಡಿಯಬಹುದು ಎಂದು ನರ್ಸಮ್ಮ ಹೇಳಿ ಹೋಗಿದ್ದರು.

"ಅಮ್ಮಾ, ಗಂಟ್ಲು ಆರ್ತೈತೆ. ಒಂದ್ ಲೋಟ ಮಜ್ಜಿಗೆ ಕೊಡ್ತೀಯಾ? ತಣ್ಣಗಿರೋದು."

ಅಮ್ಮ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಮರೆಯಲಾರೆ. ಸತ್ತವರು ಎದ್ದು ಮಾತಾಡಿದರೆ ಮನುಷ್ಯರು ಹಾಗೆ ನೋಡಬಹುದು. ಗೋಡೆ ಹಿಡಿದುಕೊಂಡು ಎದ್ದು ಹೊರಗೆ ಹೋದಳು. ಸಂಜೆಯವರೆಗೂ ಬರಲಿಲ್ಲ. ಮಜ್ಜಿಗೆ ತಂದುಕೊಟ್ಟವಳು ಪಕ್ಕದ ಮಂಚದ ರೋಗಿಯ ಹೆಂಡತಿ, ಹೆಸರೂ ತಿಳಿಯದ ತಾಯಿ. ಆ ಲೋಟದ ತಂಪು ಇನ್ನೂ ನೆನಪಿದೆ. ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಳೆಂದು ಆಮೇಲೆ ಸರೋಜಾ ಹೇಳಿದಳು. ಬೆರಳು ಹೋದ ದುಃಖ ಎಂದುಕೊಂಡೆವು.

ಮನೆಗೆ ಬಂದ ಮೇಲೆ ಅಮ್ಮ ಬೇರೆ ಮನುಷ್ಯಳಾಗಿದ್ದಳು. ನೀಲಿ ಅಂಚಿನ ತಟ್ಟೆಯನ್ನು ಗೋಡೆಯ ಹತ್ತಿರ ಇಡುತ್ತಿದ್ದಳು, ಮುದ್ದೆ ಹಾಕುತ್ತಿರಲಿಲ್ಲ. ಬರಿಯ ತಟ್ಟೆಯ ಮುಂದೆ ಕೂತಿರುತ್ತಿದ್ದಳು. ನನಗೆ ಸರೋಜಾ ಬಡಿಸುತ್ತಿದ್ದಳು, ನಿಂಬೆಹಣ್ಣಿಗಿಂತ ತುಸು ದಪ್ಪದ ಮುದ್ದೆ, ಬೇಕಾದಷ್ಟು ಸೊಪ್ಪು. ಅಪ್ಪನಿಗೆ ಏನೂ ಇಲ್ಲದ ತಟ್ಟೆಯನ್ನು ಎದುರಿಗಿಟ್ಟುಕೊಂಡು ಉಣ್ಣುವುದು ಎಷ್ಟು ಕಷ್ಟವೆಂದು ಹೇಗೆ ಹೇಳಲಿ? ತುತ್ತು ಇಳಿಯುತ್ತಿರಲಿಲ್ಲ. ಅಮ್ಮ ಮುದ್ದೆ ಹಾಕುತ್ತಿದ್ದಾಗಲೇ ವಾಸಿಯಿತ್ತು ಅನ್ನಿಸಿದ್ದೂ ಉಂಟು.

ಎರಡನೆಯ ಸಲ ಶುರು ಮಾಡುವುದು ಮೊದಲ ಸಲದ ಹಾಗಲ್ಲ. ಮೊದಲ ಸಲ ಹುರುಪಿರುತ್ತದೆ, ನೋಡುವವರಿಗೂ ಇರುತ್ತದೆ. ಈ ಸಲ ಯಾರೂ ಏನೂ ಅನ್ನಲಿಲ್ಲ. ಕುಂಟುತ್ತಾ ಬೀದಿಯ ಕೊನೆಯವರೆಗೆ ಹೋಗಿ ವಾಪಸು ಬರುತ್ತಿದ್ದೆ, ಅಷ್ಟೇ. ಎಷ್ಟೋ ದಿನ ಅದೂ ಆಗುತ್ತಿರಲಿಲ್ಲ, ಮರುದಿನ ಮತ್ತೆ ಚಪ್ಪಲಿ ಮೆಟ್ಟುತ್ತಿದ್ದೆ. ಚಪ್ಪಲಿಯಲ್ಲಿ ಕಿರುಬೆರಳಿದ್ದ ಜಾಗ ಖಾಲಿ ಕಾಣುತ್ತಿತ್ತು, ಅದನ್ನು ನೋಡಿಯೇ ಎಷ್ಟೋ ಸಲ ಎದ್ದು ಹೊರಟಿದ್ದೇನೆ. ಚೌಡಪ್ಪನ ಹತ್ತಿರ ತಪ್ಪಾಯ್ತಪ್ಪ ಅಂದೆ. ಅವನು ಗೋಣಿಚೀಲದಿಂದ ತಕ್ಕಡಿ ಒರೆಸಿ, "ಅತ್ತಿ ಗುಮಾಸ್ತ್ರೇ, ಇವತ್ತು ಬೊಟ್ಟು ನಾನ್ ನೋಡಲ್ಲ, ನೀವೂ ನೋಡ್ಬ್ಯಾಡಿ. ಅತ್ತಿ ಇಳೀರಿ, ಅಷ್ಟೇಯಾ" ಅಂದ. ಹತ್ತಿ ಇಳಿದೆ. ಆ ದಿನ ಅಷ್ಟೇ ನನ್ನಿಂದ ಆದದ್ದು.

ಕಾಲಿಗೆ ಸ್ವಲ್ಪ ಬಲ ಬಂದ ಮೇಲೆ ಮುನುಸಾಮಿ ಮಾಮನ ಜಗಲಿಯವರೆಗೂ ಹೋದೆ. ಅವರನ್ನು ಕಂಡರೆ ಭಯವಿತ್ತು, ಅದಕ್ಕೇ ಹೋದೆ. ಕಾಲು ತೋರಿಸಿ, "ಇದು ಧೂಳಲ್ಲ ಮಾಮ" ಅಂದೆ. ಅವರು ಬೆರಳಿಲ್ಲದ ಜಾಗವನ್ನು ನೋಡಿದರು. ನನ್ನನ್ನು ಹಿಂದಕ್ಕೆ ತಿರುಗಿಸಿ ಅಂಗಿಯ ಮೇಲೆ ಬೆನ್ನಿಗೆ ಕಿವಿಯಿಟ್ಟರು. "ಉಸಿರು ಎಳಿ. ಬಿಡು. ಇನ್ನೊಂದು ಕಿತ ಬಿಡು." ಅವರ ಸ್ವಂತ ಉಸಿರು ಸೀಟಿ ಹೊಡೆಯುತ್ತಿತ್ತು, ಅದರ ನಡುವೆ ನನ್ನದನ್ನು ಕೇಳಿಸಿಕೊಂಡರು. ಆಮೇಲೆ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಕ್ಲೀನಾ ಇದೆ ತಂಬಿ. ನಡಿ, ನಡಿ, ನಿಲ್ಲಬೇಡ" ಅಂದರು. ಆಮೇಲೆ ದಿನವೂ ಹೋದೆ. ದಿನವೂ ಕಿವಿಯಿಡುತ್ತಿದ್ದರು. ಅವರು ಇರುವವರೆಗೂ ನನ್ನ ನಡಿಗೆ ಅವರ ಜಗಲಿಯವರೆಗೇ. ಯಾಕೆ ತೂಕ ಇಳಿಸುತ್ತೀಯ ಎಂದು ಯಾರಾದರೂ ಕೇಳಿದ್ದರೆ, ಕಾಲು ಉಳಿಸಿಕೊಳ್ಳಲು ಎಂದು ಹೇಳುತ್ತಿದ್ದೆ. ಆದರೆ ಬೆಳಗ್ಗೆ ಹಾಸಿಗೆಯಿಂದ ನನ್ನನ್ನು ಎಬ್ಬಿಸುತ್ತಿದ್ದದ್ದು ಬೆನ್ನಿನ ಮೇಲಿನ ಆ ಕಿವಿ.

ಮುಖ ಮತ್ತೆ ಇಳಿಯಿತು. ಕನ್ನಡಿಗೆ ಅಪ್ಪ ಮತ್ತೆ ಬಂದ. ಈ ಸಲ ಕನ್ನಡಿ ತಿರುಗಿಸಲಿಲ್ಲ, ಆದರೆ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಧೈರ್ಯವೂ ಇರಲಿಲ್ಲ. ಗಡ್ಡವನ್ನು ತಡವಿ ತಡವಿ ಹೆರೆದುಕೊಳ್ಳುತ್ತಿದ್ದೆ. ಹೀಗಿರುವಾಗ ಇನ್ನೊಂದು ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಸರೋಜಾಗೂ ನನಗೂ ಅದೇ ಚಿಂತೆ. ಹೋದ ಸಲ ಬಿದ್ದದ್ದು ಅಲ್ಲೇ. ಈ ಸಲ ಬಿದ್ದರೆ ಪಾದ ಹೋಗುತ್ತದೆ.

ಹಬ್ಬದ ಬೆಳಗ್ಗೆ ಎದ್ದರೆ ಮನೆಯಲ್ಲಿ ಒಗ್ಗರಣೆಯ ವಾಸನೆಯೇ ಇರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಮೊಸರು ಕಡೆಯುತ್ತಿದ್ದಳು. ನೀಲಿ ಅಂಚಿನ ತಟ್ಟೆ ತೊಳೆದು ಗೋಡೆಯ ಹತ್ತಿರ ಇಟ್ಟಿದ್ದಳು. ಒಲೆ ಹಚ್ಚಿರಲಿಲ್ಲ. ನಮ್ಮಿಬ್ಬರನ್ನೂ ಕೂರಿಸಿಕೊಂಡು, ಕಡೆಗೋಲು ನಿಲ್ಲಿಸದೆಯೇ ಹೇಳಿದಳು.

"ಅವತ್ತು ಸಂಜೆ ನಿನ್ನ ಪಕ್ಕದ ಮನೆಗೆ ಕಳ್ಸಿದ್ನಲ್ಲ, ಅವಾಗ ಕೇಳಿದ್ರು. ಗಂಟ್ಲು ಆರ್ತೈತೆ, ಒಂದ್ ಲೋಟ ಮಜ್ಜಿಗೆ ಕೊಡೇ, ತಣ್ಣಗಿರೋದು ಅಂತ. ನೀನು ಕೇಳ್ದಂಗೇಯಾ. ಮಜ್ಜಿಗೆ ಇತ್ತು ಮನೇಲಿ. ಕಪ ಜಾಸ್ತಿ ಆಯ್ತದೆ ಅಂತ ಎಲ್ರೂ ಏಳಿದ್ರಲ್ಲ, ನಾನ್ ಕೊಡ್ಲಿಲ್ಲ. ಉಂಡ್ರೆ ಉಳ್ಕೋತಾರೆ ಅಂತ ಬಿಸಿ ಅಂಬ್ಲಿ ಬಾಯಿಗಿಟ್ಟೆ. ಸಾಕು ಅಂದ್ರು. ನಾನು ಬಿಡ್ಲಿಲ್ಲ ಮಗ. ಸಾಕು ಸಾಕು ಅಂತಿದ್ರೂವೆ ಸುರಿದೆ. ಆಮೇಲೆ ಮಾತೇ ಆಡ್ಲಿಲ್ಲ ಅವ್ರು."

ಕಡೆಗೋಲು ನಿಂತಿತು.

"ಕೇಳಿದ್ದು ಕೊಡ್ಲಿಲ್ಲ. ಇಷ್ಟ್ ವರ್ಸ ಕೇಳ್ದೇ ಇದ್ದಿದ್ದೆಲ್ಲ ನಿನ್ ಬಾಯಿಗೆ ಆಕ್ದೆ."

ಸರೋಜಾ ಸೆರಗು ಬಾಯಿಗೆ ಒತ್ತಿಕೊಂಡಳು. ಮಜ್ಜಿಗೆ ಕೊಟ್ಟಿದ್ದರೂ ಅಪ್ಪ ಉಳಿಯುತ್ತಿರಲಿಲ್ಲ ಅಮ್ಮಾ ಎಂದು ಹೇಳಬಹುದಿತ್ತು. ಅದು ಅವಳಿಗೂ ಗೊತ್ತಿತ್ತು. ಅವಳನ್ನು ಸುಡುತ್ತಿದ್ದದ್ದು ಬೇರೆ.

ಅಮ್ಮ ಒಂದು ಚೆಂಬಿಗೆ ಮಜ್ಜಿಗೆ ತುಂಬಿ, ಒಂದು ಕಲ್ಲು ಉಪ್ಪು ಹಾಕಿ, ಬರಿಯ ತಟ್ಟೆಯ ಮೇಲಿಟ್ಟಳು. ಆ ವರ್ಷದ ಎಡೆ ಅಷ್ಟೇ. ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ಸ್ವಲ್ಪ ಹೊತ್ತಿಗೆ ಕೆಳಗೆಲ್ಲೋ ಬಂಡೆ ಸಿಡಿಯಿತು. ಮುಚ್ಚಿದ ಬಾಗಿಲ ಹಿಂದೆ ಪಾತ್ರೆಗಳು ಗಲಗಲ ಅಂದವು, ಚೆಂಬು ತಟ್ಟೆಗೆ ತಾಗಿದ ಸದ್ದೂ ಕೇಳಿತು. ಅಮ್ಮ ಅಲುಗಲಿಲ್ಲ. ಸದ್ದು ಪೂರ್ತಿ ನಿಂತ ಮೇಲೆ ಎದ್ದು ಬಾಗಿಲು ತೆರೆದಳು.

"ಬಾ" ಅಂದಳು.

ತಟ್ಟೆಯ ಮುಂದೆ ಅಪ್ಪ ಕೂರುತ್ತಿದ್ದ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅಮ್ಮ ಎದುರಿಗೆ ಕೂತು ನನ್ನ ಮುಖವನ್ನು ನೋಡಿದಳು. ಇಳಿದ ಕೆನ್ನೆ, ಕಣ್ಣಿನ ಗುಳಿ, ಕುತ್ತಿಗೆಯ ನರ, ಒಂದನ್ನೂ ಬಿಡದೆ ನೋಡಿದಳು. ಈ ಸಲ ಹೆದರಲಿಲ್ಲ. ಅಪ್ಪನಿಗೆ ಬಡಿಸುವಾಗ ಎಳೆದುಕೊಳ್ಳುತ್ತಿದ್ದ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಪ್ಪ ಹೋದ ಮೇಲೆ ಅವಳು ಮನೆಯೊಳಗೆ ತಲೆಯ ಮೇಲೆ ಸೆರಗು ಹಾಕಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಚೆಂಬನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕೈಗೆ ಕೊಟ್ಟಳು. ತಣ್ಣಗಿತ್ತು. ನಿಲ್ಲಿಸದೆ ಕುಡಿದೆ. ಗಂಟಲಿನಿಂದ ಎದೆಯವರೆಗೂ ತಂಪು ಇಳಿಯಿತು. ಯಾರ ಗಂಟಲು, ಯಾರ ಎದೆ ಎಂದು ಆ ಗಳಿಗೆಯಲ್ಲಿ ನನಗೆ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಖಾಲಿ ಚೆಂಬನ್ನು ಕೆಳಗಿಟ್ಟೆ. ಅಮ್ಮ ಬಗ್ಗಿ ಅದರೊಳಗೆ ನೋಡಿದಳು. ಆಮೇಲೆ ಆ ಮನೆಯಲ್ಲಿ ಅವಳು ಎಂದೂ ಯಾರನ್ನೂ ಕೇಳಿರದ ಮಾತನ್ನು ಕೇಳಿದಳು.

"ಸಾಕಾ?"

"ಸಾಕು" ಅಂದೆ.

ಅಮ್ಮ ತಲೆಯಾಡಿಸಿದಳು. ನೀಲಿ ಅಂಚಿನ ತಟ್ಟೆಯನ್ನು ತೆಗೆದುಕೊಂಡು ಹೋಗಿ, ತೊಳೆದು, ಒರೆಸಿ, ಮನೆಯ ಉಳಿದ ತಟ್ಟೆಗಳ ಜೊತೆಗೆ ಕವುಚಿ ಇಟ್ಟಳು.